ಹಸಿರಾಗಿರುವುದೆಲ್ಲ ಕಾಡಲ್ಲ

ಕೇಳಿ ತಂದ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎನ್ನುವುದು ಹೂವಿನ ಹುಚ್ಚು ಹಿಡಿದವರ ಅನುಭವಸಿದ್ಧ ಶಾಸ್ತ್ರ. ನಮ್ಮ ಅತ್ತಿಗೆ ಈ ಶಾಸ್ತ್ರದಲ್ಲಿ ಪಾರಂಗತೆ. ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಊಟ ಮುಗಿಸಿ, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೊಂದು ಸುತ್ತು ಹಾಕುತ್ತಾರೆ. ಹೊರಡುವ ಹೊತ್ತಿಗೆ ತಾಂಬೂಲದ ಚೀಲದ ತಳದಲ್ಲಿ, ಒದ್ದೆ ಕರವಸ್ತ್ರದೊಳಗೆ, ಎರಡು ಕುಡಿ ಬೆಚ್ಚಗೆ ಮಲಗಿರುತ್ತವೆ. ಆಕ್ಷೇಪಿಸಿದರೆ, “ಹೋಗೋ ಮಾರಾಯ, ಒಂದು ಗೆಣ್ಣು ಮುರಿದರೆ ಅವರ ಗಿಡ ಸಾಯ್ತದಾ?” ಎನ್ನುತ್ತಾರೆ. ಸಾಯುವುದಿಲ್ಲ ನಿಜ. ನಮ್ಮ ಅಂಗಳದಲ್ಲಿ ಅದು ಸಾಯುವುದೇ ಇಲ್ಲ ಎನ್ನುವುದೇ ತೊಂದರೆ. ಕಳೆದ ವರ್ಷದ ಯಾವುದೋ ಬಳ್ಳಿ ಈಗ ಬಾವಿಕಟ್ಟೆ ದಾಟಿ ಪಕ್ಕದವರ ಬಚ್ಚಲು ಮನೆಯ ಹೆಂಚಿನ ಮೇಲೆ ಆರಾಮವಾಗಿದೆ.

ಚರಿತ್ರೆ ಓದಿದರೆ, ಸೂರ್ಯ ಮುಳುಗದ ಸಾಮ್ರಾಜ್ಯ ಕಟ್ಟಿದವರೂ ಅತ್ತಿಗೆಯ ಪಂಥದವರೇ ಎಂದು ಗೊತ್ತಾಗುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದ ಲಂಟಾನ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಒಂದೇ ಗೊಂಚಲಿನಲ್ಲಿ ಹಳದಿ, ಕೇಸರಿ, ಗುಲಾಬಿ ಬಣ್ಣ ತೋರಿಸುವ ಗಿಡವನ್ನು ಯಾರು ತಾನೇ ಬೇಡವೆನ್ನುತ್ತಾರೆ? ದೊರೆಸಾನಿಯರ ಬಂಗಲೆಗೆ ಅದು ಒಳ್ಳೆಯ ಬೇಲಿಯಾಯಿತು. 1847ರಲ್ಲಿ ಬೆನ್ಸನ್ ಎಂಬ ಶಂಖ-ಚಿಪ್ಪುಗಳ ಹುಚ್ಚಿನ ಸಾಹೇಬ ಮಾರಿಷಸ್ಸಿನಿಂದ ಆಫ್ರಿಕದ ದೈತ್ಯ ಬಸವನಹುಳುಗಳನ್ನು ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟ. ಆ ವಂಶದವರು ಈಗ ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಗಳಿಗೂ ನುಗ್ಗಿ ಗಿಡದ ತೊಗಟೆಯನ್ನೂ ಚಿಗುರನ್ನೂ ಕೆರೆದು ತಿನ್ನುತ್ತಾರೆ. 1877ರಲ್ಲಿ ಜಮೈಕಾದಿಂದ ಬಂದ ಜಾಲಿಯ ಬೀಜ ಕಡಪ ಸೀಮೆಯ ಕಮಲಾಪುರದಲ್ಲಿ ಬಿತ್ತನೆಯಾಯಿತು. ಒಣ ನಾಡಿನ ಬಡವರ ಒಲೆಗೆ ಸೌದೆ ಸಿಗಲಿ ಎಂಬುದು ಸದುದ್ದೇಶ. ಸೌದೆ ಸಿಕ್ಕಿತು, ಇದ್ದಿಲೂ ಸಿಕ್ಕಿತು. ಅದರ ಸಿಹಿ ಕಾಯಿ ತಿಂದ ಆಡು, ದನಗಳು ಹಿಕ್ಕೆಯಲ್ಲಿ, ಸಗಣಿಯಲ್ಲಿ ಬೀಜ ಹಂಚುತ್ತ ಹೋದವು. ಇವತ್ತು ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಕೆರೆಯಂಗಳಗಳಲ್ಲಿ ನೀರು ಇರಲಿ ಬಿಡಲಿ, ಬಳ್ಳಾರಿ ಜಾಲಿ ಇರುತ್ತದೆ. ತಮಾಷೆಯೆಂದರೆ, ದಸರೆಯಲ್ಲಿ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಎಲೆ ಹಂಚುತ್ತೇವಲ್ಲ, ಆ ನಮ್ಮ ಬನ್ನಿಗೆ ಈ ಜಾಲಿ ಹತ್ತಿರದ ನೆಂಟ. ಬನ್ನಿಯನ್ನು ಈಗ ಹುಡುಕಿಕೊಂಡು ಹೋಗಬೇಕು. ಜಾಲಿ ತಾನಾಗಿಯೇ ನಮ್ಮ ಪಂಚೆ ಹಿಡಿದು ನಿಲ್ಲಿಸುತ್ತದೆ.

ಇದನ್ನೆಲ್ಲ ಮನೆಯ ಜಗಲಿಯಲ್ಲಿ ಕೂತು ಹೇಳಿದರೆ ನಮ್ಮ ಚಿಕ್ಕಪ್ಪನಿಗೆ ಸ್ವದೇಶಿ ಆವೇಶ ಬರುತ್ತದೆ. “ಹೊರಗಿನದ್ದೆಲ್ಲ ಕಿತ್ತು ಬಿಸಾಡಬೇಕು!” ಎನ್ನುತ್ತಾರೆ. ಹಾಗೆ ಅಂದ ದಿನ ಚಿಕ್ಕಮ್ಮ ಅವರ ತಟ್ಟೆಗೆ ಏನು ಬಡಿಸಬೇಕು? ಒಣಮೆಣಸಿನಕಾಯಿ ಅಮೆರಿಕ ಖಂಡದ್ದು, ಬ್ಯಾಡಗಿಯದ್ದಾದರೂ ಅಷ್ಟೇ. ಟೊಮೆಟೊ, ಆಲೂಗಡ್ಡೆ, ಶೇಂಗಾ, ಮುಸುಕಿನ ಜೋಳ, ಗೇರುಬೀಜ, ಸೀಬೆ, ಪಪ್ಪಾಯಿ, ಎಲ್ಲವೂ ಆ ಕಡೆಯವೇ. ಊಟದ ಮೇಲೆ ಕಾಫಿ ಕೇಳುವಂತಿಲ್ಲ. ಅದು ಬಾಬಾ ಬುಡನ್ ಯೆಮೆನ್ನಿನಿಂದ ಗುಟ್ಟಾಗಿ ತಂದದ್ದೆಂದು ಕತೆ. ಅವರೂ ಅತ್ತಿಗೆಯ ಪಂಥದವರೇ ಅನ್ನಿ.

ಹೊರಗಿನಿಂದ ಬಂದದ್ದೆಲ್ಲ ಒಂದೇ ಥರವಲ್ಲ. ಮೆಣಸಿನಕಾಯಿ ಐನೂರು ವರ್ಷ ಇಲ್ಲಿದ್ದೂ ಕಾಡಿಗೆ ನುಗ್ಗಲಿಲ್ಲ. ಅದಕ್ಕೆ ಮಡಿ ಬೇಕು, ಗೊಬ್ಬರ ಬೇಕು, ನಮ್ಮ ಮುದ್ದು ಬೇಕು. ಎರಡು ದಿನ ನೀರು ತಪ್ಪಿದರೆ ತಲೆ ಬಗ್ಗಿಸುತ್ತದೆ. ಲಂಟಾನಕ್ಕೆ ನಮ್ಮ ಹಂಗಿಲ್ಲ. ಎಲೆ ವಿಷವಾದ್ದರಿಂದ ದನ, ಜಿಂಕೆ ಬಾಯಿ ಹಾಕುವುದು ಕಡಿಮೆ. ಕಪ್ಪು ಹಣ್ಣನ್ನು ಪಿಕಳಾರ ತಿಂದು ಹತ್ತು ಕಡೆ ಬಿತ್ತುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ತವರಿನಲ್ಲಿ ಅದನ್ನು ಕೊರೆದು, ಮೆದ್ದು ಹದ್ದಿನಲ್ಲಿಡುತ್ತಿದ್ದ ಹುಳುಗಳನ್ನು ಯಾರೂ ಜೊತೆಗೆ ಕರೆತರಲಿಲ್ಲ.

ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು “ಎಂಥಾ ದಟ್ಟ ಕಾಡು!” ಎಂದು ಉದ್ಗಾರ ತೆಗೆಯುತ್ತಾರೆ. ಅಲ್ಲಿನ ಸೋಲಿಗ ಬುಡಕಟ್ಟಿನ ಹಿರಿಯರಿಗೆ ಆ ದಟ್ಟಣೆಯೇ ಸಂಕಟ. ಹಿಂದೆ ಅವರು ಬೇಸಿಗೆ ಬಲಿಯುವ ಮೊದಲೇ ನೆಲದ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದು ತರಗು ಬೆಂಕಿ: ಮೊಣಕಾಲೆತ್ತರದಲ್ಲಿ ಸರಸರನೆ ಓಡಿ ಆರಿಹೋಗುತ್ತಿತ್ತು. ಪೊದೆಗಳ ಎಳೆಸಸಿ ಸುಡುತ್ತಿತ್ತು, ಮಳೆ ಬಿದ್ದೊಡನೆ ಹುಲ್ಲು ಏಳುತ್ತಿತ್ತು, ನೆಲ್ಲಿಮರದ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು; ಕಾಡನ್ನು ಕಾಯಬೇಕೆಂದು ಬೆಂಕಿಯನ್ನು ನಿಷೇಧಿಸಿದರು. ಲಂಟಾನಕ್ಕೂ ಅಭಯ ಸಿಕ್ಕಿತು. ಸಂಶೋಧಕರು ಅಲ್ಲಿ ಗುರುತು ಮಾಡಿದ ತಾಕುಗಳನ್ನು 1997ರಲ್ಲಿ ನೋಡಿದಾಗ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಅದು 81ಕ್ಕೆ ಮುಟ್ಟಿತ್ತು. ಅದರ ನೆರಳಿನಡಿ ಹುಲ್ಲಿಲ್ಲ. ಹುಲ್ಲಿಲ್ಲದೆ ಕಾಟಿ, ಕಡವೆಗೆ ಮೇವಿಲ್ಲ. ನೆಲ್ಲಿಯ ಸಸಿ ಮೇಲೇಳುವುದು ಕಷ್ಟ. ನೆಲ್ಲಿಕಾಯಿ ಮಾರುವ ಸೋಲಿಗರ ಕೈಯೂ ಬರಿದು. ಈಗ ಬೆಂಕಿ ಬಿದ್ದರೆ ತರಗಿನಲ್ಲಿ ನಿಲ್ಲುವುದಿಲ್ಲ, ಒಣಗಿದ ಲಂಟಾನ ಹತ್ತಿಕೊಂಡು ಮರದ ನೆತ್ತಿಗೇ ಏರುತ್ತದೆ.

ದೂರದಿಂದ ನೋಡಿದರೆ ಮಾತ್ರ ಎಲ್ಲವೂ ಹಸಿರು. ನಮ್ಮ ಕಣ್ಣು ಹಸಿರಿಗೆ ಬೇಗ ಸೋಲುತ್ತದೆ. ಬೋಳು ಗುಡ್ಡ ಕಂಡರೆ ಕರುಳು ಚುರುಕ್ಕೆನ್ನುವ ನಾವು, ಒಂದೇ ಗಿಡ ಹೊದ್ದ ಗುಡ್ಡ ಕಂಡರೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುತ್ತೇವೆ. ಒಳಗಿದ್ದ ನೂರು ಬಗೆಯ ಹುಲ್ಲು, ಗೆಡ್ಡೆ, ಬಳ್ಳಿ ಹೋದದ್ದು ಫೋಟೋದಲ್ಲಿ ಬೀಳುವುದಿಲ್ಲ. ಕೆರೆ ತುಂಬ ಜಲಕಳೆ ನೇರಳೆ ಹೂವು ಬಿಟ್ಟಾಗಲೂ ಅಷ್ಟೇ. ಕೆಳಗಿನ ನೀರು ಉಸಿರುಗಟ್ಟಿದ್ದು ಮೀನಿಗಷ್ಟೇ ಗೊತ್ತು.

ಪಾರ್ಥೇನಿಯಂ ಈ ದೃಷ್ಟಿಯಿಂದ ಪ್ರಾಮಾಣಿಕ ಗಿಡ. ಅದನ್ನು ಯಾರೂ ಚೆಂದವೆಂದು ಹೊಗಳಲಿಲ್ಲ, ನಮ್ಮ ಅತ್ತಿಗೆಯೂ ಕದಿಯಲಿಲ್ಲ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು, ಕೆಲವೇ ವರ್ಷಗಳಲ್ಲಿ ನಮ್ಮ ಬಸ್‌ಸ್ಟ್ಯಾಂಡು, ರೈಲುಹಳಿ, ಖಾಲಿ ಸೈಟುಗಳನ್ನೆಲ್ಲ ಹಿಡಿಯಿತು. ಮೈಕೆರೆತ, ಉಬ್ಬಸ ಎರಡನ್ನೂ ಉಚಿತವಾಗಿ ಹಂಚಿತು. ಇದನ್ನು ಕಾಂಗ್ರೆಸ್ ಗಿಡವೆಂದೂ ಕರಾವಳಿ-ಮಲೆನಾಡಿನ ಯುಪಟೋರಿಯಂ ಅನ್ನು ಕಮ್ಯುನಿಸ್ಟ್ ಗಿಡವೆಂದೂ ಕರೆದು ಜನ ತಮ್ಮ ಸಿಟ್ಟು ತೀರಿಸಿಕೊಂಡರು. ವಿಜ್ಞಾನಿಗಳು 1983ರಲ್ಲಿ ಮೆಕ್ಸಿಕೋದಿಂದ ಒಂದು ಪುಟ್ಟ ದುಂಬಿಯನ್ನು ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಮರುವರ್ಷ ಬಿಟ್ಟರು. ದುಂಬಿ ನಿಷ್ಠೆಯಿಂದ ದುಡಿಯುತ್ತದೆ, ಆದರೆ ಮಳೆಗಾಲದಲ್ಲಿ ಮಾತ್ರ. ಒಣಗಾಲದಲ್ಲಿ ಮಣ್ಣಿನೊಳಗೆ ಹೊಕ್ಕು ಮಲಗುತ್ತದೆ. ನಡುವೆ ಅದು ಸೂರ್ಯಕಾಂತಿ ಹೊಲದಲ್ಲಿ ಕಾಣಿಸಿಕೊಂಡು ದೊಡ್ಡ ಗಲಾಟೆಯೂ ಆಯಿತು.

ಹಾಗಾದರೆ ತೊಂದರೆಯೆಲ್ಲ ಸಮುದ್ರದಾಚೆಯಿಂದಲೇ ಬರುತ್ತದೆಯೆ? ಕಾವೇರಿಯ ಮೀನನ್ನು ಕೇಳಬೇಕು. ನಮ್ಮಲ್ಲಿ ಬಿಳಿಮೀನು ಎನ್ನುವ ಮಹಶೀರಿನಲ್ಲಿ, ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ಒಂದು ಜಾತಿ ಕಾವೇರಿ ಮತ್ತದರ ಉಪನದಿಗಳಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಾಹೇಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಆಮೇಲೆ ಅಣೆಕಟ್ಟು, ಸಿಡಿಮದ್ದುಗಳಿಂದ ಮೀನು ಕಡಿಮೆಯಾಗುತ್ತ ಬಂದಾಗ ಕಾಳಜಿಯುಳ್ಳವರು ಲೋನಾವಳದಲ್ಲಿ ಮರಿಮಾಡಿಸಿದ ಮಹಶೀರನ್ನು ತಂದು ಕಾವೇರಿಗೆ ಬಿಟ್ಟರು. ಅದು ನೀಲಿ ರೆಕ್ಕೆಯ, ಕೃಷ್ಣೆಯ ಕಡೆಯ ಜಾತಿ. ಗಾಳ ಹಾಕುವವರಿಗೆ ಮತ್ತೆ ಬೇಕಾದಷ್ಟು ಮೀನು ಸಿಕ್ಕಿತು, ಎಲ್ಲರೂ ಖುಷಿಪಟ್ಟರು. ಆ ಖುಷಿಯಲ್ಲಿ ಬೆನ್ನುಬ್ಬಿನದು ಅಪರೂಪವಾಗುತ್ತಿದೆ ಎಂಬುದನ್ನು ಬಹುಕಾಲ ಯಾರೂ ಗಮನಿಸಲಿಲ್ಲ. ಅದರ ಸರಿಯಾದ ವೈಜ್ಞಾನಿಕ ಗುರುತು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕೆಂಪುಪಟ್ಟಿಗೂ ಸೇರಿತು. ನಾಮಕರಣಕ್ಕೆ ಕರೆದ ಪುರೋಹಿತರೇ ಆಯುಷ್ಯಹೋಮಕ್ಕೂ ಕೂತಂತೆ.

ಕೃಷ್ಣೆಯೂ ನಮ್ಮವಳೇ, ಕಾವೇರಿಯೂ ನಮ್ಮವಳೇ. ಆದರೆ ಒಬ್ಬಳ ಮಗು ಇನ್ನೊಬ್ಬಳ ಮನೆಗೆ ಹೊರಗಿನದೇ ಆಯಿತು. ಪಾಸ್‌ಪೋರ್ಟ್ ನೋಡುವುದು ಮನುಷ್ಯರ ಚಾಳಿ. ನದಿ, ಕಾಡುಗಳ ಗಡಿ ಬೇರೆ.

ಇನ್ನು ಪರಿಹಾರ. ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವವರಿದ್ದಾರೆ. ನೀಲಗಿರಿಯ ಕುಶಲಕರ್ಮಿಗಳು ಅದರಲ್ಲಿ ಆಳೆತ್ತರಕ್ಕೂ ಮೀರಿದ ಆನೆಗಳನ್ನೇ ಕಟ್ಟಿದರು; 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಬೇಲಿಗೆಂದು ಬಂದ ಗಿಡ ಆನೆಯಾಗಿ ಸಾಹೇಬರ ಊರಿಗೆ ಹೋದದ್ದು ನ್ಯಾಯವೇ. ಆದರೆ ಕುರ್ಚಿ ಮಾಡಿ ಮುಗಿಸುವಷ್ಟು ಕಡಿಮೆಯಿಲ್ಲ ಲಂಟಾನ, ಅಷ್ಟು ಜನ ಕೂರುವವರೂ ಇಲ್ಲ. ಬುಡಸಮೇತ ಕೀಳಬೇಕು, ಮರುವರ್ಷ ಮತ್ತೆ ಹೋಗಿ ಹೊಸ ಸಸಿ ಕೀಳಬೇಕು, ಆ ಜಾಗಕ್ಕೆ ಹುಲ್ಲು ಬರುವ ತನಕ ಹೋಗುತ್ತಲೇ ಇರಬೇಕು.

1950ರಿಂದ ನಾವು ವನಮಹೋತ್ಸವ ಮಾಡುತ್ತಿದ್ದೇವೆ. ಪ್ರತಿ ಜುಲೈಯಲ್ಲಿ ಗಣ್ಯರು ಸಸಿಯ ತುದಿ ಮುಟ್ಟುತ್ತಾರೆ, ಕ್ಯಾಮೆರಾ ನೋಡುತ್ತಾರೆ. ಅದರ ಜೊತೆಗೆ ಒಂದು ಕಳೆಮಹೋತ್ಸವವೂ ಇರಲಿ ಎಂದು ನನ್ನ ಸಲಹೆ. ಅಧ್ಯಕ್ಷತೆಗೆ ಸೋಲಿಗ ಅಜ್ಜಂದಿರನ್ನು ಕರೆಯೋಣ. ಭಾಷಣ ಐದು ನಿಮಿಷಕ್ಕೆ ಮುಗಿಯುತ್ತದೆ, ಮುಳ್ಳಿನ ಮಧ್ಯೆ ಹೆಚ್ಚು ಹೊತ್ತು ಯಾರೂ ನಿಲ್ಲಲಾರರು. ಇಷ್ಟೊಂದು ಲಾಭದ ಹಬ್ಬ ನಮ್ಮ ಪಂಚಾಂಗದಲ್ಲಿ ಇನ್ನೊಂದಿಲ್ಲ.