ಬಂದರಿನ ಬಣ್ಣ, ಬೀದಿಯ ಟ್ಯಾಂಗೋ

ಅಕ್ಕಾ, ಮಗ ಕೆಲಸದ ಮೇಲೆ ಬ್ಯೂನಸ್ ಐರಿಸ್‌ಗೆ ಹೊರಟಿದ್ದಾನೆ ಅಂದ್ರಲ್ಲ, ಅವನಿಗೆ ನನ್ನದೊಂದು ಮಾತು ಮುಟ್ಟಿಸಿ. ರಜ ಸಿಕ್ಕ ದಿನ ಅಂಗಡಿ ಸುತ್ತೋದು ಆಮೇಲೆ, ಮೊದಲು ಲಾ ಬೋಕಾಗೆ ಹೋಗಲಿ. ಹಳೇ ಬಂದರಿನ ಕೇರಿ ಅದು. ರಿಯಾಚುಎಲೋ ಅನ್ನೋ ಸಣ್ಣ ನದಿ ದೊಡ್ಡ ನದಿಗೆ ಸೇರೋ ಕಡೆ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿಯ ಜಿನೋವಾದಿಂದ ಹಡಗು ಹತ್ತಿ ಬಂದ ಬಡವರು ಅಲ್ಲೇ ನೆಲೆ ನಿಂತರು. ಮರದ ಹಲಗೆ ಹೊಂದಿಸಿ, ತಗಡು ಬಡಿದು ಮನೆ ಕಟ್ಟಿಕೊಂಡರು. ಹಡಗಿಗೆ ಬಳಿದು ಮಿಕ್ಕಿದ ಬಣ್ಣವನ್ನೇ ಗೋಡೆಗೂ ಬಳಿದರು ಅಂತಾರೆ. ಒಂದೇ ಬಣ್ಣ ಮನೆಗೆಲ್ಲ ಎಲ್ಲಿ ಸಾಕಾಗುತ್ತೆ? ಗೋಡೆ ನೀಲಿ, ಬಾಗಿಲು ಹಳದಿ, ಕಿಟಕಿ ಕೆಂಪು.

ತಗಡಿನ ಮನೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ ಅಂತೀರಾ? ಮನೆಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸು ಹಿಡಿದದ್ದು ಆ ಕೇರಿಯ ಒಬ್ಬ ಮನುಷ್ಯ. ಬೆನಿತೋ ಕಿಂಕೇಲಾ ಮಾರ್ತಿನ್ ಅಂತ ಹೆಸರು. 1890ರಲ್ಲಿ ಯಾರೋ ಹೆತ್ತು ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ಕೂಸು. ಇದ್ದಿಲು ಮಾರೋ ದಂಪತಿ ಕರೆತಂದು ಸಾಕಿದರು. ಹುಡುಗ ಬಂದರಿನಲ್ಲಿ ಕಲ್ಲಿದ್ದಲಿನ ಮೂಟೆ ಹೊತ್ತ. ದುಡಿಮೆ ಮುಗಿಸಿ ಚಿತ್ರ ಬರೆಯೋದು ಕಲಿತ. ಬರೆದದ್ದಾದರೂ ಏನನ್ನ? ಬೆನ್ನು ಬಗ್ಗಿಸಿ ಹಲಗೆ ಮೇಲೆ ಸಾಲಾಗಿ ನಡೆಯೋ ಹಮಾಲರನ್ನ, ಹಡಗಿನ ಹೊಗೆಯನ್ನ, ಕುಲುಮೆಯ ಬೆಂಕಿಯನ್ನ. ಕುಂಚಕ್ಕಿಂತ ಹೆಚ್ಚಾಗಿ ಚಪ್ಪಟೆ ಅಲಗಿನಲ್ಲಿ ಬಣ್ಣವನ್ನ ಗಾರೆ ಮೆತ್ತಿದ ಹಾಗೆ ಮೆತ್ತೋರು. ಮ್ಯಾಡ್ರಿಡ್, ಪ್ಯಾರಿಸ್, ನ್ಯೂಯಾರ್ಕ್, ಲಂಡನ್‌ಗಳಲ್ಲಿ ಪ್ರದರ್ಶನ ಆಯಿತು, ದುಡ್ಡು ಬಂತು. ಆದರೂ ಅವರು ಕೇರಿ ಬಿಟ್ಟು ಹೋಗಲಿಲ್ಲ.

ಆ ದುಡ್ಡಲ್ಲಿ ಏನು ಮಾಡಿದರು ಗೊತ್ತಾ ಅಕ್ಕ? ಬಂದರಿನ ಎದುರಿಗೇ ಜಾಗ ಕೊಂಡು ಸರ್ಕಾರಕ್ಕೆ ದಾನ ಮಾಡಿದರು, ಶಾಲೆ ಕಟ್ಟಿ ಅಂತ. 1936ರಲ್ಲಿ ಶಾಲೆ ತೆರೆಯಿತು. ಅದೇ ಕಟ್ಟಡದಲ್ಲಿ 1938ರಲ್ಲಿ ಮ್ಯೂಸಿಯಂ. ಶಾಲೆಯ ಗೋಡೆಗಳ ಮೇಲೆ ತಾವೇ ಬಂದರಿನ ದುಡಿಮೆಯ ದೊಡ್ಡ ದೊಡ್ಡ ಚಿತ್ರ ಬರೆದರು. ಮುಂದೆ ಹಸುಗೂಸುಗಳಿಗೆ ತಾಯಿಹಾಲು ಒದಗಿಸೋ ಕೇಂದ್ರಕ್ಕೆ, ಮಕ್ಕಳ ಹಲ್ಲಿನ ಆಸ್ಪತ್ರೆಗೆ, ನಾಟಕಶಾಲೆಗೆ ಅಂತ ಕೊಡ್ತಾನೇ ಹೋದರು. ಚಿತ್ರ ನೋಡೋಕೆ ಟಿಕೆಟ್ ಕೊಂಡು ಬೇರೆ ಲೋಕಕ್ಕೆ ಹೋಗಬೇಕು ಅನ್ನೋದೇ ಆ ಶಾಲೆಯ ಮಕ್ಕಳಿಗಿಲ್ಲ. ಲೆಕ್ಕ ಮಾಡ್ತಾ ತಲೆ ಎತ್ತಿದರೆ ಅಪ್ಪನ, ಅಜ್ಜನ ಕಸುಬೇ ಗೋಡೆ ಮೇಲೆ. ಇದಕ್ಕಿಂತ ದೊಡ್ಡ ಮ್ಯೂಸಿಯಂ ನಾನು ಕೇಳಿಲ್ಲ. ಮೇಲಿನ ಮಹಡಿಯಲ್ಲಿ ಅವರ ಮನೆಯಿದೆ, ಪಿಯಾನೋಗೂ ಬಣ್ಣ ಬಳಿದಿದ್ದಾರೆ! ಹಳೇ ಹಡಗುಗಳ ಮೂತಿಗೆ ಕೂರಿಸ್ತಿದ್ದ ಮರದ ಗೊಂಬೆಗಳನ್ನೂ ಕೂಡಿಟ್ಟಿದ್ದಾರೆ, ಅವನ್ನ ತಪ್ಪಿಸಬಾರದು.

ಫೋಟೋಗಳಲ್ಲಿ ಎಲ್ಲರೂ ತೋರಿಸೋ ಕಮಿನೀತೋ ಬೀದಿಯೂ ಅವರ ಕೈಯದೇ. ರೈಲು ನಿಂತುಹೋಗಿ ಪಾಳುಬಿದ್ದ ಹಳಿಯ ಜಾಗ ಅದು. ನೆರೆಹೊರೆಯವರೂ ಅವರೂ ಸೇರಿ ಗುಡಿಸಿ, ಗೋಡೆಗಳಿಗೆ ಬಣ್ಣ ತುಂಬಿದರು. 1959ರಲ್ಲಿ ನಗರದವರು ಅದನ್ನ ಬಯಲು ಮ್ಯೂಸಿಯಂ ಮಾಡಿದರು. ಅದೇ ಕೇರಿಯ ಹುವಾನ್ ದೆ ದಿಯೋಸ್ ಫಿಲಿಬೆರ್ತೋ 1926ರಲ್ಲಿ ರಾಗ ಹಾಕಿದ ಟ್ಯಾಂಗೋ ಹಾಡಿನ ಹೆಸರನ್ನೇ ಬೀದಿಗೂ ಇಟ್ಟರು. ಈಗ ಅಲ್ಲಿ ಪ್ರವಾಸಿಗರ ನೂಕುನುಗ್ಗಲು. ಹ್ಯಾಟು ಹಾಕಿದ ಜೋಡಿಗಳು ಹೋಟೆಲಿನ ಮುಂದೆ ಕುಣೀತಾರೆ, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರೆ ದುಡ್ಡು ಕೇಳ್ತಾರೆ. ಕೊಡಲಿ, ಅದು ಅವರ ಅನ್ನ. ಕೇರಿಯ ಒಳಗೆ ಇವತ್ತಿಗೂ ಬಡವರ ಬದುಕು ಕಷ್ಟದ್ದೇ. ಕತ್ತಲಾದ ಮೇಲೆ ಆ ಗಲ್ಲಿಗಳಲ್ಲಿ ಒಬ್ಬನೇ ಅಲೆಯೋದು ಬೇಡ ಅಂತಲೂ ಹೇಳಿ.

ಟ್ಯಾಂಗೋ ನೋಡೋಕೆ ಸ್ಯಾನ್ ತೆಲ್ಮೋ ಒಳ್ಳೇದು, ಲಾ ಬೋಕಾ ಪಕ್ಕದಲ್ಲೇ. ಒಂದು ಕಾಲಕ್ಕೆ ಸಾಹುಕಾರರ ಬಡಾವಣೆ. 1871ರಲ್ಲಿ ಹಳದಿ ಜ್ವರ ಬಂದು ಊರಿಗೆ ಊರೇ ತತ್ತರಿಸಿತು, ಉಳ್ಳವರು ಉತ್ತರದ ಕಡೆಗೆ ಮನೆ ಬದಲಾಯಿಸಿದರು. ಖಾಲಿಬಿದ್ದ ಬಂಗಲೆಗಳಲ್ಲಿ ಕೋಣೆಗೊಂದು ಸಂಸಾರದ ಹಾಗೆ ವಲಸೆ ಬಂದವರು ತುಂಬಿಕೊಂಡರು. ಇಂಥ ವಠಾರಗಳ, ಬಂದರಿನ ಜನರ ನಡುವೆಯೇ ಟ್ಯಾಂಗೋ ಬೆಳೆದದ್ದು. ಆಫ್ರಿಕಾ ಮೂಲದವರ ತಾಳ, ಕ್ಯೂಬಾದಿಂದ ಬಂದ ಧಾಟಿ, ಜರ್ಮನಿಯ ಬಾಂದೊನೆಯೋನ್ ಅನ್ನೋ ತಿದಿಯ ವಾದ್ಯ, ಎಲ್ಲಾ ಕೂಡಿಕೊಂಡವು. ಮನೆ ಬಿಟ್ಟು ಬಂದವರ ಹಂಬಲ ಆ ವಾದ್ಯದಲ್ಲಿ ಉಸಿರಾಡುತ್ತೆ ಅಕ್ಕ, ಭಾಷೆ ಬರದಿದ್ದರೂ ಕರುಳು ಹಿಡಿದ ಹಾಗಾಗುತ್ತೆ. 2009ರಲ್ಲಿ ಯುನೆಸ್ಕೋ ಟ್ಯಾಂಗೋವನ್ನ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು, ಅರ್ಜೆಂಟೀನಾ ಮತ್ತು ಉರುಗ್ವೇ ಎರಡರ ಹೆಸರಲ್ಲೂ.

ಸ್ಯಾನ್ ತೆಲ್ಮೋಗೆ ಭಾನುವಾರವೇ ಹೋಗಲಿ. ಪ್ಲಾಸಾ ದೊರ್ರೇಗೋ ಚೌಕದಲ್ಲಿ 1970ರಿಂದ ಹಳೇ ಸಾಮಾನಿನ ಸಂತೆ ನಡೀತಾ ಬಂದಿದೆ. ಬಸ್ಸು, ಗಾಡಿಗಳ ಮೇಲೆ ಸುರುಳಿ ಸುರುಳಿಯಾಗಿ ಬಳ್ಳಿ, ಹೂವು ಬರೆಯೋ ಅವರ ‘ಫಿಲೆತೆಯಾದೋ’ ಕಲೆಯ ಹಲಗೆಗಳೂ ಸಿಗ್ತವೆ. ನಮ್ಮ ಲಾರಿಗಳ ಹಿಂದೆ ಬರೆಯೋರು ನೋಡಿದರೆ ಗುರುತು ಹಿಡೀತಾರೆ. ಸಂಜೆ ಸಂತೆ ಎತ್ತಿದ ಮೇಲೆ ಅದೇ ಚೌಕದಲ್ಲಿ ಜನ ಕುಣಿಯೋಕೆ ಸೇರ್ತಾರೆ. ಅದಕ್ಕೆ ಮಿಲೋಂಗಾ ಅಂತಾರೆ.

ಮಿಲೋಂಗಾಗೆ ಅದರದ್ದೇ ಶಿಸ್ತುಂಟು. ಸಭಾಂಗಣದಲ್ಲಿ ನಡೆಯೋದಾದರೆ ಎದ್ದುಹೋಗಿ ‘ಬರ್ತೀರಾ’ ಅಂತ ಕೇಳೋದಿಲ್ಲ. ದೂರದಿಂದಲೇ ಕಣ್ಣು ಕೂಡಿಸಿ, ತಲೆ ಕೊಂಚ ಆಡಿಸಬೇಕು. ಒಪ್ಪಿಗೆ ಇದ್ದರೆ ಅವರೂ ತಲೆ ಆಡಿಸ್ತಾರೆ, ಇಲ್ಲದಿದ್ದರೆ ಕಣ್ಣು ಬೇರೆ ಕಡೆ ಹೊರಳುತ್ತೆ. ಯಾರಿಗೂ ನಾಲ್ಕು ಜನರ ಮುಂದೆ ಅವಮಾನ ಇಲ್ಲ. ಮೂರೋ ನಾಲ್ಕೋ ಹಾಡು ಒಬ್ಬರ ಜೊತೆ, ಆಮೇಲೆ ನಡುವೆ ಬೇರೆ ಥರದ ಸಂಗೀತದ ತುಣುಕು ಬಂದಾಗ ಅವರವರ ಕುರ್ಚಿಗೆ ವಾಪಸ್. ಎಲ್ಲರೂ ಅಪ್ರದಕ್ಷಿಣೆಯಾಗೇ ಸುತ್ತಬೇಕು.

ಅವನಿಗೆ ಕುಣಿಯೋಕೆ ಬರಲ್ಲ ಅಂದ್ರಾ? ಎಷ್ಟೋ ಮಿಲೋಂಗಾಗಳಲ್ಲಿ ಶುರುವಾಗೋಕೆ ಮುಂಚೆ ಹೊಸಬರಿಗೆ ಪಾಠ ಇರುತ್ತೆ, ಬೇಗ ಹೋದರೆ ಆಯಿತು. ಪೆಟ್ಟಿಗೆಯಲ್ಲಿ ಚರ್ಮದ ನುಣುಪು ಅಟ್ಟೆಯ ಷೂ ಒಂದು ಜೊತೆ ಇಡಿ. ರಬ್ಬರ್ ಅಟ್ಟೆ ನೆಲ ಕಚ್ಚುತ್ತೆ, ತಿರುಗೋಕೆ ಬಿಡಲ್ಲ.