ಹೋಗುವಿಕೆಯ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪೀಠಿಕೆ: ಊರು ಬಿಟ್ಟು ಬೆಂಗಳೂರಿಗೆ ಹೋಗಬೇಕೋ ಬೇಡವೋ ಎಂಬ ಜಿಜ್ಞಾಸೆಯನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನೆಲೆಯಲ್ಲಿ ನಿಂತು, ಪ್ರಾದೇಶಿಕ ಅಸ್ಮಿತೆಯ ಪಲ್ಲಟಗಳಿಗೆ ಮುಖಾಮುಖಿಯಾಗಿಸಿ ಅನುಸಂಧಾನಗೊಳಿಸುವುದು ಪ್ರಸ್ತುತ ಪ್ರಬಂಧದ ಆಶಯ. ಹೀಗೆ ಬರೆಯದಿದ್ದರೆ ವಿಚಾರ ಸಂಕಿರಣದವರು ಸರ್ಟಿಫಿಕೇಟ್ ಕೊಡುವುದಿಲ್ಲ, ಓದುಗರು ಸಹಿಸಿಕೊಳ್ಳಬೇಕು.

ಪರಿಭಾಷೆ: ವಲಸೆ ಎರಡು ಬಗೆ, ಚಲ ಮತ್ತು ಅಚಲ. ಅಚಲ ವಲಸೆಯಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. 1997ರಲ್ಲಿ ಚನ್ನಗಿರಿ, ಹೊನ್ನಾಳಿಯವರು ಕೂತ ಕಟ್ಟೆಯಿಂದ ಏಳದೆ ಶಿವಮೊಗ್ಗ ಜಿಲ್ಲೆಯಿಂದ ಹೊಸದಾಗಿ ಆದ ದಾವಣಗೆರೆ ಜಿಲ್ಲೆಗೆ ಬಂದರು. ಜಗಳೂರಿನವರು ಚಿತ್ರದುರ್ಗದಿಂದ ಬಂದರು. ಮುಂದೆ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಅಡ್ವಾನ್ಸ್ ಇಲ್ಲ, ಬ್ರೋಕರ್ ಇಲ್ಲ, ಲಗೇಜ್ ಆಟೋ ಇಲ್ಲ. ಸಂಬಳವೂ ಹೆಚ್ಚಲಿಲ್ಲ ಎಂಬುದು ಸಿದ್ಧಾಂತದ ಸಣ್ಣ ದೋಷ.

ಪೂರ್ವಸೂರಿಗಳು: 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ವಿಂಗಡಿಸಿತು. ಸಮಿತಿಯದು ಪ್ರಾಮಾಣಿಕ ಕೆಲಸ. ಅದನ್ನು ಉಲ್ಲೇಖಿಸಿ ಉಲ್ಲೇಖಿಸಿಯೇ ಡಾಕ್ಟರೇಟ್ ಆದವರು ಆ ತಾಲ್ಲೂಕುಗಳಿಗಿಂತ ಬಹಳ ಮುಂದುವರಿದಿದ್ದಾರೆ. ಇದೇ ಮಾದರಿಯಲ್ಲಿ ನಮ್ಮ ಹುಡುಗರನ್ನೂ ವರ್ಗೀಕರಿಸಬಹುದು:

ಅ) ಹೋಗಲಿರುವವರು. ಡಿಗ್ರಿ ಮುಗಿದಿದೆ, ಬಯೋಡೇಟಾ ಜೆರಾಕ್ಸ್ ಆಗಿದೆ.
ಆ) ಹೋಗೇಬಿಟ್ಟವರು. ಪೀಣ್ಯದಲ್ಲಿ ಶಿಫ್ಟ್, ಹಬ್ಬಕ್ಕೆ ಬರುತ್ತಾರೆ.
ಇ) ಹೋಗಿ ಬಂದವರು. ಇವರನ್ನು ಏನೂ ಕೇಳಬಾರದು.
ಈ) ನಾಲ್ಕನೆಯದೂ ಒಂದಿತ್ತು, ಬರೆಯಲು ಬೇಜಾರು.

ಅಲ್ಪಶೇಷ ಪ್ರಮೇಯ: ಬೆಂಗಳೂರಿನಲ್ಲಿ ಸಂಬಳ 20,000 ಎಂದಿಟ್ಟುಕೊಳ್ಳಿ. ಪಿ.ಜಿ.ಗೆ 8,000, ಬಸ್ಸು, ಮೆಟ್ರೊ, ಮಧ್ಯಾಹ್ನದ ಊಟಕ್ಕೆ 6,000, ಫೋನು, ಬಟ್ಟೆ, ಜ್ವರಕ್ಕೆ 3,000. ಮದುವೆಯಾಗಿ ಮನೆ ಮಾಡಿದರೆ ಅಡ್ವಾನ್ಸ್ ಎಂಬ ಮಹಾಪ್ರಮೇಯ ಎದುರಾಗುತ್ತದೆ. ಎರಡು ತಿಂಗಳ ಬಾಡಿಗೆ ಸಾಕೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ; ಹತ್ತು ತಿಂಗಳದ್ದೇ ಶುದ್ಧಪಾಠವೆಂದು ನಂಬಿದ ಓನರುಗಳು ಇನ್ನೂ ಇದ್ದಾರೆ. ಈ ಸಮೀಕರಣವನ್ನೆಲ್ಲ ನಮ್ಮ ಕಡೆ ಅಜ್ಜಿಯೊಬ್ಬಳು ಎಲೆಗೆ ಸುಣ್ಣ ಸವರುತ್ತಾ ಎರಡೇ ಪದದಲ್ಲಿ ಬಿಡಿಸುತ್ತಾಳೆ: “ಉಳಿಯಾದೆಷ್ಟಪಾ?”

ಕ್ಷೇತ್ರಕಾರ್ಯ: ಚನ್ನಗಿರಿಯಲ್ಲಿ ಎರಡೆಕರೆ ಅಡಿಕೆ ತೋಟವಿದ್ದವನ ಮಗ ತೂಗಿ ನೋಡಬಲ್ಲ. ರಾಶಿ ಅಡಿಕೆಯ ರೇಟು ಒಂದು ಕಡೆ, ಆಫರ್ ಲೆಟರ್ ಇನ್ನೊಂದು ಕಡೆ. ಆಗದಿದ್ದರೆ ವಾಪಸ್ ಬಂದು ತೋಟ ನೋಡಿಕೊಂಡಾನು. ಹೊನ್ನಾಳಿ, ನ್ಯಾಮತಿಗಳಲ್ಲಿ ನೀರಾವರಿಯ ಭತ್ತದ ಗದ್ದೆಯಿದ್ದರೆ ಒಂದು ಮಾತು, ಮಳೆ ನಂಬಿದ ಮೆಕ್ಕೆಜೋಳವಾದರೆ ಇನ್ನೊಂದು. ಜಗಳೂರಿಗೆ ಬಂದಾಗ ನನ್ನ ಸಿದ್ಧಾಂತ ಕೈಕೊಡುತ್ತದೆ. ಅಲ್ಲಿ ತಕ್ಕಡಿಗೆ ಒಂದೇ ತಟ್ಟೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಎಂದು 2023ರ ಕೇಂದ್ರ ಬಜೆಟ್‌ನಲ್ಲಿ ಓದಿದರು. ಓದಿದ್ದನ್ನು ನಾವೂ ಕೇಳಿದೆವು. ಕೊರೆಸಿದ ಬೋರು ಫೇಲಾಗಿ ಸಾಲ ಹೊತ್ತವನಿಗೆ ‘ಆಯ್ಕೆ’ ಎಂಬ ಪದ ಹೇಳುವುದಕ್ಕೆ ಬಾಯಾದರೂ ಹೇಗೆ ಬರುತ್ತದೆ? ಕಾಫಿ ಕೊಯ್ಲಿಗೆ ಗಂಟುಮೂಟೆ ಕಟ್ಟಿ ಹೊರಡುವ ತಾಂಡಾದ ಸಂಸಾರ ಏನನ್ನು ತೂಗಿ ನೋಡಬೇಕು? ಆ ತಿಂಗಳುಗಳಲ್ಲಿ ಮಕ್ಕಳ ಶಾಲೆ ಏನಾಗಬೇಕು? ಸಂಕಿರಣವೊಂದರಲ್ಲಿ ವಿದ್ವಾಂಸರೊಬ್ಬರು ಈ ಗುಳೆಯನ್ನು “ಚಲನಶೀಲತೆಯ ಸಂಭ್ರಮ” ಎಂದು ಕರೆದು, ಹೋಳಿಗೆ ಊಟ ಮಾಡಿ, ಟಿ.ಎ. ಬಿಲ್ಲಿಗೆ ಸಹಿ ಹಾಕಿದರು. ನಾವೂ ಚಪ್ಪಾಳೆ ಹೊಡೆದೆವು. ಹೊಡೆದವರಲ್ಲಿ ಅರ್ಧ ಜನ ಅತಿಥಿ ಉಪನ್ಯಾಸಕರು. ಮುಂದಿನ ಸೆಮಿಸ್ಟರಿಗೆ ಕಾರ್ಯಭಾರ ಸಿಗದಿದ್ದರೆ ಅವರೂ ವರ್ಗ ‘ಅ’ಕ್ಕೆ ಸೇರುವವರೇ. ಎಂ.ಎ. ಮಾಡಿದ ಹುಡುಗಿಯರನ್ನು ಯಾವ ವರ್ಗಕ್ಕೂ ಸೇರಿಸಲು ನನ್ನಿಂದ ಆಗಿಲ್ಲ. ಅವರನ್ನು “ಹೋಗ್ತೀಯೇನವ್ವಾ” ಎಂದು ಕೇಳಿದವರೇ ಇಲ್ಲ.

ಉಪಸಂಹಾರ: ಮಂಡನೆಗೆ ಹತ್ತು ನಿಮಿಷ ಕೊಟ್ಟಿದ್ದರು, ಮುಗಿಯಿತು. ಪ್ರಶ್ನೋತ್ತರಕ್ಕೆ ಅವಕಾಶವಿಲ್ಲ, ಅಧ್ಯಕ್ಷರಿಗೆ ಬೆಂಗಳೂರಿನ ರೈಲಿಗೆ ಹೊತ್ತಾಗಿದೆ.