ನಿಷ್ಪುಚ್ಛ ವಿಮಾನಪತನ ಮೀಮಾಂಸೆ: ಕೋಟನೂರ ಪಾಠ

ಬಾಲವಿಲ್ಲದ ರಿಮೋಟ್ ವಿಮಾನ ಯಾಕೆ ಬೀಳುತ್ತದೆ ಎಂಬುದರಲ್ಲಿ ಕೋಟನೂರಿನ ಹೊಲದ ಬದುವಿನ ಮೇಲೆ ಎರಡು ಪಂಥಗಳಿವೆ: ಗಾಳಿವಾದ ಮತ್ತು ದೃಷ್ಟಿವಾದ. ಗಾಳಿವಾದಿಗಳು ಎಲೆ ಅಲ್ಲಾಡದ ದಿನವೂ ಗಾಳಿಯನ್ನೇ ಬಯ್ಯುವವರು. ಅವರನ್ನು ಇಲ್ಲಿಗೆ ಬಿಡೋಣ. ದೃಷ್ಟಿವಾದಿಗಳು ಥರ್ಮಾಕೋಲ್ ರೆಕ್ಕೆಗೆ ನಿಂಬೆಹಣ್ಣು ಕಟ್ಟುತ್ತಾರೆ. ಮೂತಿಗೆ ಕಟ್ಟಿದಾಗ ವಿಮಾನ ನೆಟ್ಟಗೆ ಹಾರಿದ್ದೂ ಉಂಟು. ಮಿತಾಕ್ಷರವೆಂಬ ಧರ್ಮಶಾಸ್ತ್ರ ವ್ಯಾಖ್ಯಾನದ ವಿಜ್ಞಾನೇಶ್ವರ ಇದೇ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಪ್ರಸಿದ್ಧಿ. ಅಂಥವನ ನೆರೆಯವರು ಪೂರ್ವಪಕ್ಷವನ್ನು ಕೇಳದೆ ತಳ್ಳಬಾರದು. ಕೇಳಿದ ಮೇಲೆ ಸಿದ್ಧಾಂತ ಇಷ್ಟು: ಫಲ ಕೊಟ್ಟದ್ದು ನಿಂಬೆಯ ಮಹಿಮೆಯಲ್ಲ, ತೂಕ. ಇಂಥ ರೆಕ್ಕೆಯಲ್ಲಿ ಗುರುತ್ವಕೇಂದ್ರ ಕೆಲವೇ ಮಿಲಿಮೀಟರ್ ಹಿಂದೆ ಸರಿದರೂ ಮೂತಿ ಮೇಲೆದ್ದು, ವೇಗ ಸತ್ತು, ವಿಮಾನ ಮಗುಚುತ್ತದೆ. ಬ್ಯಾಟರಿಯನ್ನೇ ಮುಂದೆ ಸರಿಸಿದರೆ ನಿಂಬೆ ಶರಬತ್ತಿಗೆ ಉಳಿಯುತ್ತದೆ.

ಇನ್ನು ಎಲೆವಾನ್ ಅಧಿಕರಣ. ಉಳಿದ ವಿಮಾನಗಳಲ್ಲಿ ಏರಿಸುವ ಪಟ್ಟಿ ಬಾಲದಲ್ಲಿ, ಹೊರಳಿಸುವ ಪಟ್ಟಿ ರೆಕ್ಕೆಯಲ್ಲಿ. ಇಲ್ಲಿ ಎರಡೂ ಚಾಕರಿ ರೆಕ್ಕೆಯಂಚಿನ ಎರಡೇ ಪಟ್ಟಿಗಳ ಪಾಲಿಗೆ; ಅವೇ ಎಲೆವಾನ್. ಸ್ಟಿಕ್ ಹಿಂದಕ್ಕೆಳೆದರೆ ಎರಡೂ ಮೇಲೇಳಬೇಕು. ಬಲಕ್ಕೆ ತಳ್ಳಿದರೆ ಬಲದ್ದು ಮೇಲೆ, ಎಡದ್ದು ಕೆಳಗೆ. ರಿಮೋಟಿನಲ್ಲಿ ಎರಡೂ ಆಜ್ಞೆ ಬೆರೆಸುವ ಮಿಕ್ಸಿಂಗ್ ಹಾಕಿಯೂ, ಪಟ್ಟಿ ಆಡಿಸುವ ಒಂದು ಸರ್ವೋದ ದಿಕ್ಕು ಉಲ್ಟಾ ಉಳಿದರೆ ಏರಿಸಿದಾಗ ಹೊರಳುತ್ತದೆ, ಹೊರಳಿಸಿದಾಗ ಏರುತ್ತದೆ. ಆಗ ಆಕಾಶ ನೋಡಿ ಪ್ರಯೋಜನವಿಲ್ಲ, ಮೆನು ನೋಡಬೇಕು. ಈ ಪರೀಕ್ಷೆಯನ್ನು ವಿಮಾನದ ಹಿಂದೆ ನಿಂತೇ ಮಾಡತಕ್ಕದ್ದು. ಎದುರು ನಿಂತವರ ಎಡಬಲ ವಿಚಾರ ಪ್ರತ್ಯೇಕ ಗ್ರಂಥಕ್ಕೆ ವಸ್ತು.

ಪಟ್ಟಿಗಳು ನಡುಸ್ಥಾನದಲ್ಲೂ ತುಸು ಮೇಲಕ್ಕೇ ಬಾಗಿರಬೇಕೆಂದು ಬಲ್ಲವರ ಮತ. ಬಾಲ ಮಾಡಬೇಕಾದ ಕೆಲಸವನ್ನು ಆ ಬಾಗು ಮಾಡುತ್ತದೆ. "ಬಾಲಾನೇ ಹಚ್ಚಿದ್ರ ಮುಗೀತಿತ್ತಲ್ಲೋ ತಮ್ಮಾ" ಎಂದರು ಬದುವಿನ ಮೇಲೆ ಕೂತಿದ್ದ ಕಾಕಾ. ಈ ಆಕ್ಷೇಪಕ್ಕೆ ಪರಿಹಾರ ಕಾಣದೆ ಲೇಖಕನು ಅಮೆರಿಕದ ಬಿ-2 ಬಾಂಬರನ್ನು ಉದಾಹರಿಸಿದನು. 1989ರಲ್ಲಿ ಮೊದಲು ಹಾರಿದ ಅದಕ್ಕೂ ಬಾಲವಿಲ್ಲ. ಆದರೆ ಅದನ್ನು ಕ್ಷಣಕ್ಷಣಕ್ಕೂ ಸಂಭಾಳಿಸುವುದು ಕಂಪ್ಯೂಟರು. ಕೋಟನೂರಿನದಕ್ಕೆ ಇರುವುದು ಹೆಬ್ಬೆಟ್ಟು.

ಕಡೆಯದು ಶೋಧನ ವಿಧಿ. ವಿಮಾನ ತೊಗರಿಯೊಳಗೆ ಬಿದ್ದರೆ ಮೊದಲು ಥ್ರಾಟಲ್ ಸೊನ್ನೆಗೆ ಇಳಿಸಿ, ಆಮೇಲೆ ಸ್ಟಿಕ್ ಅಲ್ಲಾಡಿಸಿ, ಸರ್ವೋ ಗುಂಯ್‌ಗುಡುವ ಕಡೆಗೆ ಕಿವಿ ಕೊಟ್ಟು ಸಾಲುಗಳ ನಡುವೆಯೇ ನಡೆಯತಕ್ಕದ್ದು. ಹೊಲದವರು ಎದುರಾದರೆ ರಿಮೋಟನ್ನು ಬೆನ್ನ ಹಿಂದೆ ಹಿಡಿಯತಕ್ಕದ್ದು.